ಆಣೆ ನನ್ನ ಕೈಯಿಂದ ಯಾಕೆ ಮಾಡಿಸಿದಿರಿ, ಕಾಕಾ

ಕಾಕಾ,

ಮೊದಲು ‘ಪೂಜ್ಯ’ ಅಂತ ಬರೆದಿದ್ದೆ. ಗೀಟು ಎಳೆದು ಬರೀ ಕಾಕಾ ಉಳಿಸಿದ್ದೇನೆ. ನೀವು ಅಪ್ಪನ ಗೆಳೆಯರು, ನನ್ನ ಕೈಗೆ ಮೊದಲ ಗಾಲ್ಫ್ ಕೋಲು ಕೊಟ್ಟವರು. ಅದನ್ನು ಅಳಿಸಲು ಬರುವುದಿಲ್ಲ. ನೀವು ತೀರಿಹೋಗಿ ಒಂದೂವರೆ ತಿಂಗಳಾಯಿತು. ಮೊದಲ ವಾರವೆಲ್ಲ ಅತ್ತೆ. ಈಗ ಸಿಟ್ಟು. ಬೈಯೋಣವೆಂದರೆ ಎದುರಿಗೆ ನೀವಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು.

ದಸರೆಯ ಮರುದಿನ ನೆನಪಿದೆಯೇ? ಧರೂರಿನ ಆಚೆ, ಅಣೆಕಟ್ಟು ಕಟ್ಟುವಾಗ ಇಂಜಿನಿಯರುಗಳು ಮಾಡಿಕೊಂಡ ನಮ್ಮ ಒಂಬತ್ತು ಕುಳಿಯ ಮೈದಾನದಲ್ಲಿ ಸದಸ್ಯರನ್ನೆಲ್ಲ ಬೇವಿನ ನೆರಳಿಗೆ ಕರೆದಿರಿ. “ಇನ್ನ ಮ್ಯಾಲೆ ಗಿರಿಜಾನ ಕ್ಯಾಪ್ಟನ್ ರೀ. ನನ್ನ ಮೊಣಕಾಲು ಸಾಕಂತಾವ” ಅಂದಿರಿ. ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವಳು ಗಾಲ್ಫ್ ಕ್ಲಬ್ಬಿನ ಕ್ಯಾಪ್ಟನ್ ಎಂದು ಯಾರೋ ಕಿಸಕ್ಕೆಂದರು. “ಅಂಚಿನ ದಾರದಾಗಿನ ತಪ್ಪು ಹುಡುಕೋ ಕಣ್ಣದು, ಸುಮ್ನ ಕುಂದರ್ರಿ” ಎಂದು ಅವರ ಬಾಯಿ ಮುಚ್ಚಿಸಿದಿರಿ. ಅವತ್ತು ಮಕ್ತಲ್ ದಾಟುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಚಳಿಗಾಲದ ಕೆಲಸವನ್ನು ನೀವೇ ಬೆನ್ನು ಹತ್ತಿ ಕಲಿಸಿದಿರಿ. ಭಾನುವಾರ ಬೆಳಗ್ಗೆ ಕ್ಯಾಪ್ಟನ್ ಚಪ್ಪಲಿ ಬಿಟ್ಟು ಮೊದಲ ಕುಳಿಯವರೆಗೆ ನಡೆಯಬೇಕು. ಪಾದಕ್ಕೆ ಇಬ್ಬನಿ ಹತ್ತಿದರೆ ಆಟವಿಲ್ಲ, ಎಂಥ ಸಾಹೇಬರೇ ಇರಲಿ, ಚಹಾ ಕುಡಿಯುತ್ತ ಕಾಯಬೇಕು. ಕುಳಿಯ ಸುತ್ತ, ಗಾಳಿಗೆ ಹಾರದಂತೆ ಎಣ್ಣೆ ಕಲಸಿ ಹಾಸಿದ ಮರಳನ್ನು ಸವರಿಸಬೇಕು. ಚೆಂಡು ಕುರಿಯ ಮಗ್ಗುಲಿಗೆ ಬಿದ್ದರೆ ಕುರಿ ತಾನಾಗಿ ಏಳುವವರೆಗೆ ಯಾರೂ ಹೊಡೆಯದಂತೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡದು ಆ ಕುರಿಗಳನ್ನೇ ಕರೆತರುವುದು.

ದೀಪಾವಳಿ ಆದ ಮೇಲೆ ಅದಕ್ಕಾಗಿಯೇ ನನ್ನನ್ನು ಗಟ್ಟು ಊರಿನ ಕಡೆಗೆ ಕರೆದೊಯ್ದಿರಿ. ಪ್ರತಿ ಚಳಿಗಾಲ ಕುರುಬರ ಮಲ್ಲಪ್ಪ ಹಿಂಡು ತಂದು ನಮ್ಮ ಬಯಲಿನಲ್ಲಿ ಮೇಯಿಸುತ್ತಾನೆ. ಅವನಿಗೆ ಮೇವು, ನಮಗೆ ಕತ್ತರಿಸಿದಂಥ ಹುಲ್ಲು. ಕಾಗದವಿಲ್ಲ, ಪತ್ರವಿಲ್ಲ. ಅವರ ದೇವರು ಬೀರಪ್ಪನ ಭಂಡಾರವನ್ನು, ಆ ಅರಿಶಿನಪುಡಿಯನ್ನು, ಕ್ಯಾಪ್ಟನ್ ಅಂಗೈಯಲ್ಲಿ ಹಿಡಿದು ಮಾತು ಕೊಟ್ಟರೆ ಮುಗಿಯಿತು. ನೀವು ಮೊಣಕಾಲು ನೋವೆಂದು ಜೀಪಿನಲ್ಲೇ ಕೂತಿರಿ. ನಾನು ಇಳಿದು ಹೋದೆ.

“ಭಂಡಾರ ಹಿಡದು ಹೇಳ್ರಿ, ಅವ್ವ. ಶಿವರಾತ್ರಿ ತನಕ ಬಯಲು ನಮ್ಮ ಕುರಿಗೇನ?”

“ಹೌದಪ್ಪ, ನಿಮ್ಮ ಕುರಿಗೆ” ಅಂದೆ.

ನನ್ನೆದುರೇ ಅವನು ಫೋನು ತೆಗೆದು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವ ಕಾಲುವೆ ಕಡೆಯ ಭತ್ತದ ರೈತರಿಗೆ ಹೇಳಿದ, “ಈ ವರ್ಷ ಬೇರೆ ಹಿಂಡು ನೋಡ್ಕೊಳ್ರಿ. ನಮಗ ಜಾಗ ಐತಿ.” ನನ್ನ ಮಾತಿಗೆ ಅಷ್ಟು ತೂಕ ಬಂದದ್ದು ನೋಡಿ ಹಿಗ್ಗಿ ಹೀರೇಕಾಯಿಯಾದೆ. ಜೀಪಿಗೆ ಬಂದಾಗ ನೀವು ನನ್ನ ಮುಖ ನೋಡಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೀರಿ ಅಂದುಕೊಂಡೆ, ದಡ್ಡಿ ನಾನು.

ನಿಮ್ಮ ಹದಿಮೂರನೆಯ ದಿನ ಮುಗಿದ ವಾರ ಗದ್ವಾಲದಿಂದ ನಮ್ಮ ಕ್ಲಬ್ಬಿನ ಕಾರ್ಯದರ್ಶಿ ವಕೀಲರು ಅಂಗಡಿಗೆ ಬಂದರು. “ಒಕ್ಕ ಸಂತಕಂ ಚಾಲು ಅಮ್ಮಾ” ಎಂದು ಒಂದು ಸಹಿಗಾಗಿ ಕಾಗದ ಚಾಚಿದರು. ಹೈದರಾಬಾದಿನ ರೆಸಾರ್ಟಿನವರಿಗೆ ಮೈದಾನ ಕೊಡುವ ಒಪ್ಪಿಗೆ ಅದು. ಸಂಕ್ರಾಂತಿಗೆ ತಂತಿಬೇಲಿ, ಆಮೇಲೆ ದನ ಕುರಿ ಒಳಗೆ ಬರುವಂತಿಲ್ಲ. ಕೆಳಗೆ ನಿಮ್ಮ ಸಹಿ, ದಸರೆಗಿಂತ ಮುಂಚಿನದು. ಪಕ್ಕದಲ್ಲಿ ಹೊಸ ಕ್ಯಾಪ್ಟನ್‌ಗೆ ಬಿಟ್ಟ ಜಾಗ. ಹಾಗಾದರೆ ಕುರಿಗಳನ್ನು ಯಾಕೆ ಕರೆಸಿದಿರಿ ಎಂದು ಕೇಳಿದೆ. “ನೋಡಾಕ ಬಂದೋರಿಗೆ ಬಯಲು ಚೊಕ್ಕ ಕಾಣಬೇಕಲ್ರಿ. ಅಲ್ಲಿ ತನಕ ಮೇಯ್ಲಿ ಅಂತ ನಿಮ್ಮ ಕಾಕಾನ ಹೇಳಿದ್ರು” ಅಂದರು ವಕೀಲರು.

ಮರುದಿನ ಮಲ್ಲಪ್ಪನ ಮುಂದೆ ಹೋಗಿ ನಿಂತೆ. ಆಗತಾನೇ ಈದ ಮರಿಗಳನ್ನು ಕಂಬಳಿಯ ಮೇಲೆ ಮಲಗಿಸಿದ್ದ. ಎಲ್ಲವನ್ನೂ ಹೇಳಿದೆ. ಅವನು ಕೂಗಾಡಲಿಲ್ಲ. “ಈಗ ಯಾರೂ ಜಾಗ ಕೊಡಂಗಿಲ್ರಿ. ಎಲ್ಲಾ ಹೊಲಕ್ಕೂ ಬ್ಯಾರೆ ಹಿಂಡು ಹೋಗ್ಯಾವ. ಈ ಹಸಿ ಮರಿ ಹೊತ್ತು ಎಲ್ಲಿಗಿ ಹೋಗ್ಲಿ?” ಎಂದ. ಇನ್ನೊಂದು ಮಾತೂ ಹೇಳಿದ: “ದಸರಾಕ ಸಾಹೇಬ್ರ ಮನಿಗಿ ನಾನ ಭಂಡಾರ ತಗೊಂಡು ಹೋಗಿದ್ದೆ. ಕೈ ಹಿಂದಕ್ಕ ತಗೊಂಡ್ರು. ಹೊಸ ಕ್ಯಾಪ್ಟನ್ ಬರ್ತಾಳ, ಆಕಿ ಹಿಡೀತಾಳ ಅಂದ್ರು.”

ಕಾಕಾ, ಬೀರಪ್ಪನಿಗೆ ಹೆದರಿದಿರಿ. ಸುಳ್ಳು ಆಣೆ ನಿಮ್ಮ ಕೈಗೆ ಹತ್ತಬಾರದು, ನನ್ನ ಕೈಗೆ ಹತ್ತಿದರೆ ನಡೆಯುತ್ತದೆ. ಅದಕ್ಕೇ ಅಲ್ಲವೇ ನನ್ನನ್ನು ಕ್ಯಾಪ್ಟನ್ ಮಾಡಿದ್ದು? ಕೂರಿಸಿಕೊಂಡು, ಗಿರಿಜಾ, ಹೀಗೊಂದು ತಪ್ಪು ಮಾಡಿಬಿಟ್ಟೆ ಅಂದಿದ್ದರೆ ನಾನು… ನಿಮಗಾಗಿ ಏನು ಮಾಡುತ್ತಿರಲಿಲ್ಲ ಹೇಳಿ.

ನಿನ್ನೆಗೆ ಸಂಕ್ರಾಂತಿ ಕಳೆಯಿತು. ನಾನು ಸಹಿ ಹಾಕಿಲ್ಲ, ಬೇಲಿ ಬಂದಿಲ್ಲ. ಕ್ಯಾಪ್ಟನ್ ತಾನಾಗಿ ಬಿಡದಿದ್ದರೆ ಯುಗಾದಿಯ ಸಭೆಯವರೆಗೆ ಯಾರೂ ತೆಗೆಯುವಂತಿಲ್ಲ. ಆ ನಿಯಮ ಬರೆದವರು ನೀವೇ. ಸಹಿ ಹಾಕಲಿಲ್ಲವೆಂದು ಮುನಿದ ಸದಸ್ಯರು ಕೋಲಿನ ಚೀಲ ಹೊತ್ತು ಮನೆಗೆ ಹೋಗಿದ್ದಾರೆ. ಹೋದ ಭಾನುವಾರ ಆಡಲು ಒಬ್ಬರೂ ಬರಲಿಲ್ಲ. ಕುರಿಗಳು ಮೇಯುತ್ತಿವೆ. ಶಿವರಾತ್ರಿಯ ಮರುದಿನ ಹಿಂಡು ಹೊರಟ ಮೇಲೆ ನಾನೂ ಬಿಡುತ್ತೇನೆ, ಆಮೇಲೆ ಬಯಲನ್ನು ಯಾರಿಗಾದರೂ ಕೊಟ್ಟುಕೊಳ್ಳಲಿ.

ಕ್ಲಬ್ಬಿನ ಗೋಡೆಗೆ ಹಾಕಲು ಕಾಕಿ ನಿಮ್ಮ ಫೋಟೋ ಕಟ್ಟು ಹಾಕಿಸಿ ಕಳಿಸಿದ್ದಾರೆ. “ನಮ್ಮೋರು ಆಡಿದ ಮಾತು ಎಂದೂ ತಪ್ಪಿದೋರಲ್ಲವ್ವ, ಎಲ್ಲರಿಗೂ ಕಾಣೋಹಂಗ ಹಾಕು” ಅಂದರು. ಹಾಕಲು ನನ್ನಿಂದ ಆಗಲಿಲ್ಲ. ಮೊಳೆ ಸಿಗಲಿಲ್ಲ ಎಂದು ಸುಳ್ಳು ಹೇಳಿದ್ದೇನೆ. ನೀವು ಮಾಡಿದ್ದು ಕಾಕಿಗೆ ನನ್ನ ಬಾಯಿಂದ ಎಂದೂ ಗೊತ್ತಾಗುವುದಿಲ್ಲ. ಈ ಮಾತನ್ನು ಯಾರೂ ನನ್ನಿಂದ ಆಡಿಸಿದ್ದಲ್ಲ, ನಾನೇ ಕೊಡುತ್ತಿದ್ದೇನೆ.

ಗಿರಿಜಾ