ನಿಕಲ್ ಸೋರಿದ ಸಂಜೆ

ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ

ಪುಟ್ಟಿಯ ಅಪ್ಪನಿಗೆ,

ಬೇರೇನೆಂದು ಕರೆಯಲಿ? ನಮ್ಮ ನಡುವೆ ಉಳಿದಿರುವ ಸಂಬಂಧ ಅದೊಂದೇ. ಮೊದಲು ಓಟದ ಬೂಟು ಕಳಚಿಡು. ಇವತ್ತು ಓಡಬೇಡ, ಮೆಟ್ಟಿಲನ್ನೂ ನಿಧಾನವಾಗಿ ಇಳಿ. ಇದನ್ನು ತಂದಿರುವ ನಿನ್ನ ತಂಗಿಯ ಕಾರಿನಲ್ಲೇ ಕೂತು ನಾನಿರುವ ಆಸ್ಪತ್ರೆಗೆ ಬಾ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಅವಳು ಬಾಯಲ್ಲಿ ಹೇಳಿದರೆ ಇದೂ ನನ್ನದೊಂದು ನಾಟಕ ಎನ್ನುತ್ತೀಯ. ಅದಕ್ಕೇ ಕಾಗದ.

ನಿನ್ನೆ ಸಂಜೆ ನಾಲ್ಕಕ್ಕೆ ವಿಚ್ಛೇದನದ ಅರ್ಜಿ ಹಿಡಿದು ನನ್ನ ಲ್ಯಾಬಿಗೆ ಬಂದೆಯಲ್ಲ, ಸ್ಟೂಲಿನ ಮೇಲೆ ಕೂತು, ಇನ್ನೂ ಆ ಬ್ಯಾಕ್ಟೀರಿಯಾನೇ ಅಣಕಿಸ್ತಾ ಇದ್ದೀಯಾ ಅಂತ ನಕ್ಕೆ. ಹೌದು ಮಾರಾಯ, ಹನ್ನೊಂದು ವರ್ಷದಿಂದ ಅದೇ ಕೆಲಸ. ಅದರೊಳಗಿನ ಕಿಣ್ವವೊಂದು ನಿಕಲ್ ಮತ್ತು ಕಬ್ಬಿಣದ ಪುಟ್ಟ ಗಂಟನ್ನು ಇಟ್ಟುಕೊಂಡು ಕಾರ್ಬನ್ ಮೊನಾಕ್ಸೈಡನ್ನು ಅರಗಿಸಿಕೊಳ್ಳುತ್ತದೆ. ಆ ಗಂಟನ್ನಷ್ಟೇ ನಾನು ಫ್ಲಾಸ್ಕಿನಲ್ಲಿ ಕಟ್ಟಿ, ಅದೇ ಅನಿಲ ಹಾಯಿಸಿ ನೋಡುತ್ತೇನೆ. ಕಿಣ್ವ ನಿಕಲನ್ನು ಬಿಗಿಯಾಗಿ ಹಿಡಿದಿರುತ್ತದೆ, ನಿನ್ನೆ ನಾನು ಕಟ್ಟಿದ್ದು ಹಿಡಿಯಲಿಲ್ಲ. ಅನಿಲದ ಜೊತೆ ಸೇರಿ ನಿಕಲ್ ಕಾರ್ಬೊನಿಲ್ ಎಂಬ ವಿಷದ ಆವಿಯಾಗಿ ಕೋಣೆಗೆ ಸೋರಿತು. ಏನೋ ಮಸಿ ವಾಸನೆ ಬರ್ತಿದೆ ಅಂತ ನೀನೇ ಅಂದೆ. ನಾನು ಮಾತು ಮರೆಸಿದೆ.

ಹೋಗುವಾಗ ನೀನು ತಲೆನೋವು ಅಂದಿದ್ದೆ. ಈಗ ಆರಾಮಾಗಿರುತ್ತೀಯ. ನನಗೆ ಭಯವಾಗಿರುವುದು ಆ ಆರಾಮಕ್ಕೇ. ಈ ವಿಷ ಮೊದಲು ತಲೆ ನೋಯಿಸಿ, ಆಮೇಲೆ ಅರ್ಧ ದಿನವೋ ಒಂದು ದಿನವೋ ಸುಮ್ಮನಿದ್ದು, ನಂತರ ಶ್ವಾಸಕೋಶಕ್ಕೆ ಕೈಹಾಕುತ್ತದೆ. ನಾನೂ ರಾತ್ರಿ ಚೆನ್ನಾಗಿ ಉಂಡು ಮಲಗಿದೆ. ಬೆಳಗಿನ ಜಾವ ಕೆಮ್ಮು ಶುರುವಾದಾಗಲೇ ಗೊತ್ತಾಗಿದ್ದು.

ಬಂದ ತಕ್ಷಣ ಮೂತ್ರದಲ್ಲಿ ನಿಕಲ್ ಎಷ್ಟಿದೆ ನೋಡಿ ಅಂತ ಕೇಳು. ನನ್ನ ವೈದ್ಯರಿಗೆ ನಿನ್ನ ವಿಷಯ ಹೇಳಿದ್ದೇನೆ, ಕಾಯುತ್ತಿದ್ದಾರೆ. ನಿನ್ನನ್ನು ಇಲ್ಲಿ ಇಳಿಸಿದ ಮೇಲೆ ಪುಟ್ಟಿಯನ್ನು ಶಾಲೆಗೆ ಬಿಡುವುದು ನಿನ್ನ ತಂಗಿ ನೋಡಿಕೊಳ್ಳುತ್ತಾಳೆ. ನನಗೆ ಅಂಥದ್ದೇನಿಲ್ಲ. ಮಾಸ್ಕ್ ತೆಗೆದಾಗ ಸ್ವಲ್ಪ ಸುಸ್ತು, ಅಷ್ಟೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ದಮ್ಮಯ್ಯ, ತಡ ಮಾಡಬೇಡ.

ಇನ್ನೂ ಸಹಿ ಹಾಕದ,
ನಿನ್ನ ಜಗಳಗಂಟಿ

ಮರೆತಿದ್ದಲ್ಲ, ಬೇಕಂತಲೇ ಬಿಟ್ಟಿದ್ದು: ಸೋರಿದ್ದು ಗೊತ್ತೇ ಆಗಲಿಲ್ಲ ಎಂದು ವೈದ್ಯರಿಗೆ ಹೇಳಿರುವುದು ಸುಳ್ಳು. ನೀನು ಮೆಟ್ಟಿಲು ಹತ್ತುತ್ತಿದ್ದಾಗಲೇ, ಅನಿಲ ಸೋರಿದರೆ ಕೂಗುವ ಗೋಡೆಯ ಅಲಾರಂ ಹೊಡೆದುಕೊಂಡಿತ್ತು. ಅದು ಹೊಡೆದರೆ ಕೋಣೆ ಖಾಲಿ ಮಾಡಬೇಕು. ನೀನು ಬಾಗಿಲಲ್ಲೇ ಅರ್ಜಿ ಕೊಟ್ಟು ಹೊರಟುಬಿಡುತ್ತಿದ್ದೆ. ಎರಡು ವರ್ಷದ ಮೇಲೆ ಬರುತ್ತಿದ್ದೀಯ, ಹತ್ತು ನಿಮಿಷ ಕೂರಲಿ ಎಂದು ನಾನೇ ಅದನ್ನು ಆಫ್ ಮಾಡಿದೆ.