ಮಳೆ ನಕ್ಷೆಯಲ್ಲೊಂದು ಗೆರೆ

ಪ್ರೀತಿಯ ಅಕ್ಕ,

ಈ ಕಾಗದ ತಂದವರು ನಮ್ಮ ಹವಾಮಾನ ಕಚೇರಿಯವರು. ಭಾವ ರೇಗಾಡುವ ಮೊದಲೇ ಅವರನ್ನು ತಾರಸಿಗೆ ಹತ್ತಿಸಿಬಿಡು.

ಅಲ್ಲಿರುವ ವೈಫೈ ಪೆಟ್ಟಿಗೆಯೂ ನಮ್ಮ ರೇಡಾರೂ ಒಂದೇ ತರಂಗಾಂತರ ಬಳಸುತ್ತಿವೆ. ನೀನು ಹೊಲಿಗೆ ಅಂಗಡಿಯ ಮೇನ್ ಸ್ವಿಚ್ ಹಾಕಿದೊಡನೆ ನನ್ನ ಮಳೆ ನಕ್ಷೆಯಲ್ಲಿ ನಿನ್ನ ದಿಕ್ಕಿಗೊಂದು ಉದ್ದ ಗೆರೆ ಬೀಳುತ್ತದೆ. ಅದರ ಹಿಂದೆ ಮೋಡವಿದ್ದರೂ ಕಾಣದು. ಕಡಲಿಗಿಳಿಯುವವರು ನಮ್ಮನ್ನೇ ನಂಬಿದ್ದಾರೆ. ಇನ್ನು ರೇಡಾರಿನ ಸುಳಿವು ಸಿಕ್ಕರೆ ಪೆಟ್ಟಿಗೆಯೇ ಬೇರೆ ಚಾನೆಲ್‌ಗೆ ಸರಿಯುವಂತೆ ಇವರು ಮಾಡಿಕೊಡುತ್ತಾರೆ. ನಿನ್ನ ಇಂಟರ್ನೆಟ್ ಎಲ್ಲಿಗೂ ಹೋಗುವುದಿಲ್ಲ.

ಆಪರೇಷನ್ ಆದ ಮೇಲೆ ನೀನು ಮತ್ತೆ ಅಂಗಡಿ ತೆರೆದದ್ದನ್ನು ನನಗೆ ಮೊದಲು ತಿಳಿಸಿದ್ದು ಆ ಗೆರೆಯೇ. "ನೋಡ್ರೋ, ನಮ್ಮಕ್ಕ ಬಂದ್ಲು!" ಎಂದು ಇಡೀ ಕೋಣೆಗೆ ಕೇಳುವಂತೆ ಕೂಗಿದ್ದೆ.

ನಾಳೆಯಿಂದ ಅದು ಕಾಣುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ ಒಂದು ಫೋನ್ ಮಾಡು.

ನಿನ್ನ ತಮ್ಮ