ಫ್ರಿಜ್ಜಿಗೆ ಬೀಗ ಹಾಕಿದ ಅತ್ತೆ

ಮಾರ್ಚ್ ೧೧, ಸೋಮವಾರ
ಹೊಲಿಗೆ ಅಂಗಡಿಯಿಂದ, ಶಟರ್ ಎತ್ತುವ ಮೊದಲು

ಗೌರವಾನ್ವಿತ ಬೀಗಿತ್ತಿಯವರಿಗೆ, ನಿಮ್ಮ ಮಗಳ ಅತ್ತೆಯ ನಮಸ್ಕಾರ.

ಮೊದಲು ಖರ್ಚು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಟಿ.ವಿ.ಯ ಆ ಕಾಮಿಡಿ ಸ್ಪರ್ಧೆಯಲ್ಲಿ ನಿಮ್ಮ ಮಗಳು ಹದಿಮೂರು ವಾರ ನಿಂತದ್ದಕ್ಕೆ ನಮ್ಮ ಮನೆಗೆ ಬಿದ್ದದ್ದು ಇಷ್ಟು: ಹದಿಮೂರು ಶನಿವಾರ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿದ್ದು. ಎರಡು ಅಳತೆ ಪುಸ್ತಕ, ಒಂದೂ ಅಳತೆ ಬರೆಯದೆ ಭರ್ತಿ. ನನ್ನ ಕನ್ನಡಕ, ಅದರ ಮೇಲೆ ನನ್ನ ಮಗ ಕೂತದ್ದರಿಂದ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಇಬ್ಬರು ಗಿರಾಕಿಗಳು, ಫ್ರಿಜ್ಜಿಗೆ ಬೀಗ ಹಾಕುವ ಹೆಂಗಸಿನ ಕೈಗೆ ಬಟ್ಟೆ ಕೊಡುವುದಿಲ್ಲ ಎಂದು ಎದುರಿನ ಅಂಗಡಿಗೆ ಹೋದವರು. ಬೀದಿಯಲ್ಲಿ ನನಗಿದ್ದ ಒಳ್ಳೆಯ ಹೆಸರು. ಅದೇನೂ ದೊಡ್ಡ ಮೊತ್ತವಲ್ಲ, ಬಿಡಿ. ಮತ್ತು ನೀವು.

ಈ ಕೊನೆಯದು ಮಾತ್ರ ನನಗೆ ತಡೆಯಲಾಗಲಿಲ್ಲ. ಅದಕ್ಕೇ ಈ ಪತ್ರ. ಫೋನ್ ಮಾಡಬಹುದಿತ್ತು, ನೀವು ಎತ್ತುವುದಿಲ್ಲ. ಎತ್ತಿದರೂ ನಾನು ಮಾತಾಡುತ್ತಲೇ ಹೋಗುತ್ತೇನೆ, ನೀವು ಸುಮ್ಮನಿರುತ್ತೀರಿ, ತಪ್ಪು ಯಾರದೆಂಬುದು ಅಲ್ಲೇ ಉಳಿದುಹೋಗುತ್ತದೆ. ಕಾಗದವಾದರೆ ನೀವು ಕೆಂಪು ಪೆನ್ನು ಹಿಡಿದು ಓದಬಹುದು. ಮೂವತ್ತು ವರ್ಷ ಗಣಿತ ಕಲಿಸಿದ ಕೈ ನಿಮ್ಮದು.

ನಾನು ಟಿ.ವಿ. ನೋಡುತ್ತೇನೆ ಎಂಬುದು ಮೊದಲಿಂದಲೂ ನಿಮ್ಮ ಆಕ್ಷೇಪ. ನಿಜ, ನೋಡುತ್ತೇನೆ. ಏಳು ಗಂಟೆಯ ಧಾರಾವಾಹಿಯನ್ನು ಆರು ವರ್ಷದಿಂದ ಗುಂಡಿಯ ಕಾಜಾ ಹೊಲಿಯುತ್ತಲೇ ನೋಡಿದ್ದೇನೆ. ಅದರ ನಾಯಕಿಗೆ ಇದುವರೆಗೆ ನಾಲ್ಕು ಸಲ ನೆನಪು ಹೋಗಿದೆ. ನಾಲ್ಕೂ ಸಲ ಗಂಡನನ್ನು ಮರೆತಳು, ಲಿಪ್‌ಸ್ಟಿಕ್ ಮರೆಯಲಿಲ್ಲ. ಪೆಟ್ಟು ಬಿದ್ದದ್ದು ಹಣೆಯ ಎಡಕ್ಕೆ, ಮರುದಿನ ಪಟ್ಟಿ ಕಟ್ಟಿದ್ದು ಬಲಕ್ಕೆ. ಯಾರಾದರೂ ಬಾಗಿಲು ತೆರೆದರೆ ಸಾಕು, ಮನೆಮಂದಿಯ ಮುಖಗಳನ್ನೆಲ್ಲ ಮೂರು ಮೂರು ಸಲ ತೋರಿಸುತ್ತಾರೆ. ಅಷ್ಟರಲ್ಲಿ ನಾನು ಎರಡು ಪ್ಯಾಂಟಿನ ತುದಿ ಮಡಚಿ ಮುಗಿಸಿರುತ್ತೇನೆ. ಆದರೂ ಒಂದು ಕಂತೂ ಬಿಡುವುದಿಲ್ಲ, ಆ ಮನೆಯ ದುಷ್ಟ ಚಿಕ್ಕಮ್ಮನಿಗಾಗಿ. ಎಲ್ಲರಿಗಿಂತ ಮುಂಚೆ ಏಳುತ್ತಾಳೆ, ಕಾಗದಪತ್ರ ಜೋಪಾನ ಮಾಡುತ್ತಾಳೆ, ಯಾರು ಯಾವ ಕೋಣೆಯಲ್ಲಿದ್ದಾರೆ ಎಂಬುದು ಅವಳಿಗೆ ಬಾಯಿಪಾಠ. ಅಷ್ಟು ದೊಡ್ಡ ಬಂಗಲೆಯಲ್ಲಿ ಕೆಲಸ ಅಂತ ಇರುವುದು ಅವಳೊಬ್ಬಳಿಗೇ. ಮಿಕ್ಕವರು ಮೆಟ್ಟಿಲ ಮೇಲೆ ನಿಂತು ಅಳುತ್ತಾರೆ.

ಸ್ಪರ್ಧೆಗಳ ವಿಷಯಕ್ಕೆ ಬಂದರೆ, ಹಾಡಿನದು, ಕುಣಿತದ್ದು, ನಗೆಯದು ಎಲ್ಲ ಸೇರಿ ಒಂಬತ್ತು ಸೀಸನ್ ನೋಡಿ ನಾನು ಕಂಡುಕೊಂಡದ್ದು ಕೆಲವಿದೆ. ಗೆಲ್ಲಲು ಬಂದಿಲ್ಲ, ಕಲಿಯಲು ಬಂದಿದ್ದೇನೆ ಎಂದವರು ಮೂರನೆಯ ವಾರ ಮನೆಗೆ. ಯಾರ ತಂದೆಯನ್ನು ನಿಧಾನವಾಗಿ ನಡೆಸಿ ಹಿಂದೆ ಪಿಟೀಲು ಬಾರಿಸುತ್ತಾರೋ ಅವರು ಅದೇ ವಾರ ಮನೆಗೆ. ಚೆನ್ನಾಗಿ ಮಾಡಿ, ಯಾರಿಗೂ ಅಡ್ಡ ಬರದೆ, ಮೂಲೆಯಲ್ಲಿ ನಿಂತವರು ಐದನೆಯ ವಾರ. ಕೆಟ್ಟದಾಗಿ ಮಾಡಿದರೆಂದಲ್ಲ, ಓಟು ಹಾಕುವ ಹೊತ್ತಿಗೆ ಅವರ ಮುಖ ಯಾರಿಗೂ ನೆನಪಿಗೆ ಬರುವುದಿಲ್ಲ. ನಿಮ್ಮ ಮಗಳು, ಕ್ಷಮಿಸಿ, ಹುಟ್ಟಿದ್ದೇ ಐದನೆಯ ವಾರಕ್ಕೆ.

ನಮ್ಮ ಮನೆಗೆ ಬಂದ ಮೊದಲ ಎರಡು ವರ್ಷ ಅವಳ ಬಾಯಿಂದ ನಾನು ಕೇಳಿದ್ದು ಹೂಂ, ಆಯ್ತು, ಊಟಕ್ಕೆ ಬನ್ನಿ, ಇಷ್ಟೇ. ಕಣ್ಣಿನ ಕ್ಲಿನಿಕ್ಕಿನಲ್ಲಿ ದಿನವಿಡೀ ಟೋಕನ್ ನಂಬರು ಕೂಗಿ ಬರುತ್ತಾಳಲ್ಲ, ಸುಸ್ತಾಗಿರಬೇಕು ಅಂದುಕೊಂಡಿದ್ದೆ. ಕಳೆದ ವರ್ಷ ಒಂದು ಸಂಜೆ ಅಂಗಡಿಯ ಹಿಂದಿನ ಕೋಣೆಗೆ ಇಸ್ತ್ರಿಪೆಟ್ಟಿಗೆ ತರಲು ಹೋದರೆ, ಒಳಗೆ ನನ್ನದೇ ದನಿ. ನಾನು ಇಲ್ಲಿದ್ದೇನೆ, ನನ್ನ ದನಿ ಅಲ್ಲಿದೆ. ನಿಮ್ಮ ಮಗಳು ನನ್ನ ಮಗನ ಮುಂದೆ ನಿಂತು, ಸೊಂಟಕ್ಕೆ ಕೈಯಿಟ್ಟು, ನಾನು ನೂಲಿನ ವ್ಯಾಪಾರಿಗೆ ಬೈಯುವುದನ್ನು, ಬೈಯುತ್ತಲೇ ಧಾರಾವಾಹಿಯ ನಾಯಕಿಗೂ ಬುದ್ಧಿ ಹೇಳುವುದನ್ನು ಆಡಿ ತೋರಿಸುತ್ತಿದ್ದಳು. ಮಗ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದ. ನನ್ನನ್ನು ಕಂಡು ಇಬ್ಬರೂ ಬಟ್ಟೆಯಂಗಡಿಯ ಬೊಂಬೆಗಳಂತೆ ನಿಂತುಬಿಟ್ಟರು.

ಆಗ ನಾನು ಅಂದೆ: "ನಾನು ಅಷ್ಟು ಬೇಗ ಬೈಯಲ್ಲ ಕಣೇ. ಮೊದಲು ನೀರು ಕುಡೀತೀನಿ. ಅವನು ಹೆದರೋದು ಆ ನೀರಿಗೇ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಲೋಟ ಎತ್ತಿಕೊಂಡು, ನೀರು ಕುಡಿದು ಮತ್ತೆ ಮೊದಲಿಂದ ಮಾಡಿದಳು. ಈ ಸಲ ನನಗೇ ನನ್ನ ಭಯವಾಯಿತು. ಆ ವಾರವೇ ಸ್ಪರ್ಧೆಗೆ ಅರ್ಜಿ ಹಾಕಿಸಿದೆ.

ಮೊದಲ ನಾಲ್ಕು ವಾರ ಅವಳು ಕಣ್ಣಿನ ಕ್ಲಿನಿಕ್ಕಿನ ಜೋಕು ಹೇಳಿದಳು. ಚಪ್ಪಾಳೆ ಬಂತು, ಶಾಲೆಯಲ್ಲಿ ಮಗು ಹಾಡಿದಾಗ ಬರುವಂಥದ್ದು. ನಾಲ್ಕನೆಯ ವಾರ ಕಡೆಯಿಂದ ಎರಡನೆಯವಳು. ಐದನೆಯ ವಾರ ಹೊಸ್ತಿಲ ಮೇಲೆ ಬಂದು ನಿಂತಿತ್ತು. ಮನೆಗೆ ಬಂದವಳು ಚಪ್ಪಲಿ ಬಿಡುತ್ತ, ಮುಂದಿನ ವಾರದಿಂದ ಶನಿವಾರ ಅಂಗಡಿ ಮುಚ್ಚಬೇಕಿಲ್ಲ ಎಂದಳು. ನಾನು ಅಳತೆ ಪುಸ್ತಕ ಎತ್ತಿಕೊಂಡು ಕೂತೆ. ನನ್ನ ಮೇಲೇ ಜೋಕು ಹೇಳು ಅಂದೆ. ಒಪ್ಪಲಿಲ್ಲ.

"ಜನ ಏನಂತಾರೆ ಅತ್ತೆ?"

"ಏನಾದ್ರೂ ಅನ್ಲಿ. ಅಂದ್ಕೊಂಡೇ ಓಟು ಹಾಕ್ತಾರೆ."

ಹಾಗೆ ಹುಟ್ಟಿದಳು ಟಿ.ವಿ.ಯ ಆ ಅತ್ತೆ. ರಿಮೋಟಿಗೆ ಪ್ಲಾಸ್ಟಿಕ್ ಕವರು ಹೊಲಿದು ಹಾಕಿದ್ದು ನಿಜ, ನಾನೇ ಹೊಲಿದೆ. ಧಾರಾವಾಹಿಯ ಚಿಕ್ಕಮ್ಮ ಸಿಕ್ಕಿಬಿದ್ದ ದಿನ ನಾನು ಊಟ ಬಿಟ್ಟದ್ದು ನಿಜ. ಫ್ರಿಜ್ಜಿನ ಬೀಗ ಮಾತ್ರ ಅಪ್ಪಟ ಸುಳ್ಳು, ಅದೂ ನನ್ನದೇ. ಎರಡನೆಯ ಪುಸ್ತಕ, ನಲವತ್ತೊಂದನೆಯ ಪುಟ. ನಂಬದಿದ್ದರೆ ನೋಡಿ, ಈ ಪತ್ರದ ಜೊತೆ ಆ ಹಾಳೆಗಳನ್ನು ಕಿತ್ತು ಇಟ್ಟಿದ್ದೇನೆ. ಅಕ್ಷರ ನನ್ನದು. ಕಾಗುಣಿತ ತಿದ್ದಬೇಡಿ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿ ಒಂದು ಕ್ಯಾಮೆರಾ ವೇದಿಕೆಯ ಕಡೆಗೆ ನೋಡುವುದೇ ಇಲ್ಲ, ಮುಂದಿನ ಸಾಲಲ್ಲಿ ಕೂತ ಮನೆಯವರನ್ನೇ ನೋಡುತ್ತಿರುತ್ತದೆ. ಅತ್ತೆಯೇ ನಕ್ಕುಬಿಟ್ಟರೆ ಅತ್ತೆಯ ಜೋಕು ಅಲ್ಲಿಗೆ ಸತ್ತಿತು. ಅದಕ್ಕೆ ಎಂಟು ಶನಿವಾರ ನಾನು ಬೆರಳಿಗೆ ಗುಂಡುಸೂಜಿ ಒತ್ತಿಕೊಂಡು, ಸಾಲ ಕೇಳಲು ಬಂದವರ ಮುಂದೆ ಕೂತ ಹಾಗೆ ಮುಖ ಬಿಗಿದು ಕೂತೆ. ಸುತ್ತ ಮುನ್ನೂರು ಜನ ಕುರ್ಚಿಯಿಂದ ಜಾರುತ್ತಿದ್ದರು. ನನ್ನ ಮುಖವನ್ನು ಧಾರಾವಾಹಿಯಲ್ಲಿ ತೋರಿಸುವ ಹಾಗೆ ಮೂರು ಮೂರು ಸಲ ತೋರಿಸಿದರು. ಓಟು ಏರಿತು. ನನ್ನ ಮಾನ ಇಳಿಯಿತು. ನಾನು ಎರಡನ್ನೂ ಬರೆದುಕೊಂಡೆ.

ಸೆಮಿಫೈನಲ್ ಮುಗಿದ ಶನಿವಾರ, ಗುಂಗುರು ಕೂದಲಿನ ಜಡ್ಜ್ ಒಂದು ಷರತ್ತು ಹಾಕಿದರು: ಫೈನಲ್‌ನಲ್ಲಿ ಅತ್ತೆ ಬೇಡ, ಅತ್ತೆಯಿಲ್ಲದೆ ನಗಿಸಿ ತೋರಿಸಬೇಕು. ಮರುದಿನ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ, ನೀವು ಖಾಲಿ ಸೂಟ್‌ಕೇಸ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಿರಿ.

ಅಂದಿನ ಮಾತುಗಳನ್ನೆಲ್ಲ ಮತ್ತೆ ಬರೆಯುವುದಿಲ್ಲ. ನೀವು ಇಂಥ ಕಾರ್ಯಕ್ರಮಗಳನ್ನು ನೋಡುವವರೇ ಅಲ್ಲ ಎಂದಿರಿ. ಹಾಗನ್ನುತ್ತಲೇ ಏಳನೆಯ ವಾರದ್ದು, ಒಂಬತ್ತನೆಯ ವಾರದ್ದು, ಚಾನೆಲ್‌ನವರು ಮಧ್ಯಾಹ್ನದ ಮರುಪ್ರಸಾರದಲ್ಲಿ ಮಾತ್ರ ಸೇರಿಸಿದ್ದ ತುಣುಕನ್ನೂ ಒಪ್ಪಿಸಿದಿರಿ. ಜೋಕು ಬರೆದದ್ದು ನಾನೇ ಎಂದಾಗ, ತನ್ನ ಮೇಲೆ ತಾನೇ ಜೋಕು ಬರೆಯುವ ಅತ್ತೆಯನ್ನು ಎಲ್ಲೂ ಕಂಡಿಲ್ಲ ಎಂದಿರಿ. ಅಡುಗೆಮನೆಗೆ ಕರೆದು ಫ್ರಿಜ್ಜು ತೋರಿಸಿದೆ, ಬೀಗವಿಲ್ಲ. "ನಾನು ಬರ್ತೀನಿ ಅಂತ ತೆಗೆದಿಟ್ಟಿದ್ದೀರಿ" ಎಂದಿರಿ. ಅಷ್ಟು ಚೆನ್ನಾಗಿ ನಟಿಸಿದ್ದೆನಲ್ಲ ಎಂದು, ಸಿಟ್ಟಿನ ನಡುವೆಯೂ, ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಆದರೆ ನೀವು ಮಗಳ ಕಡೆ ತಿರುಗಿ, ಬರುತ್ತೀಯೋ ಇಲ್ಲವೋ ಎಂದು ಕೇಳಿದಾಗ ಅವಳು ತುಟಿ ಬಿಚ್ಚಲಿಲ್ಲ. ಇಲ್ಲ ಎಂದು ತಲೆಯಾಡಿಸಿದಳು, ಅಷ್ಟೇ. ನೀವು ನನ್ನನ್ನು ನೋಡಿ ಅಂದಿರಿ: "ನೋಡಿ, ನಿಮ್ಮೆದುರು ನನ್ನ ಮಗಳು ಬಾಯೇ ಬಿಡಲ್ಲ." ಸೂಟ್‌ಕೇಸನ್ನೂ ಮರೆತು ಇಳಿದುಹೋದಿರಿ.

ಅಂದು ಹೇಳಲಿಲ್ಲ, ಇಂದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವಳು ಬಾಯಿ ಬಿಡದಿದ್ದದ್ದು ನನ್ನೆದುರಲ್ಲ ಬೀಗಿತ್ತಿಯವರೇ, ನಿಮ್ಮೆದುರು. ತಪ್ಪು ಉತ್ತರ ಹೇಳುವುದಕ್ಕಿಂತ ಸುಮ್ಮನಿರುವುದು ವಾಸಿ ಎಂದು ಚಿಕ್ಕಂದಿನಲ್ಲೇ ಕಲಿತ ಹುಡುಗಿ ಅವಳು.

ಆಮೇಲಿನ ನಾಲ್ಕು ದಿನ ಮನೆಯಲ್ಲಿ ಮತ್ತೆ ಹೂಂ, ಆಯ್ತು, ಊಟಕ್ಕೆ ಬನ್ನಿ. ಕ್ಲಿನಿಕ್ಕಿನಲ್ಲಿ ಹದಿನೇಳರ ಬದಲು ಎಪ್ಪತ್ತೊಂದು ಕೂಗಿದಳಂತೆ. ಗುರುವಾರ ಸಂಜೆ ಬಂದು, ಫೈನಲ್‌ಗೆ ಹೋಗುವುದಿಲ್ಲ ಎಂದಳು.

"ಅಮ್ಮ ಫೋನೇ ಎತ್ತಲ್ಲ. ಕಪ್ ಇಟ್ಕೊಂಡು ಏನು ಮಾಡ್ಲಿ ಅತ್ತೆ?"

ನನಗೆ ಅಷ್ಟೆಲ್ಲ ಸಮಾಧಾನ ಹೇಳಲು ಬರುವುದಿಲ್ಲ. ಫೋನ್ ಎತ್ತದವರಿಗೆ ಹೇಳಬೇಕಾದದ್ದನ್ನು ಹೇಳಲು ಇಡೀ ನಾಡಿನ ಟಿ.ವಿ. ನಿನ್ನ ಕೈಲಿದೆಯಲ್ಲ, ಅದನ್ನು ಯಾಕೆ ಬಿಡುತ್ತೀ ಎಂದು ಕೇಳಿದೆ. ಅವಳು ನೀವು ಬಿಟ್ಟುಹೋದ ಸೂಟ್‌ಕೇಸನ್ನೇ ತುಂಬ ಹೊತ್ತು ನೋಡುತ್ತ ಕೂತಿದ್ದಳು.

ಫೈನಲ್ ದಿನ ಅವಳು ವೇದಿಕೆಗೆ ಬಂದದ್ದು ಅದನ್ನೇ ಎಳೆದುಕೊಂಡು. ಒಂದು ಚಕ್ರ ಕಿರುಗುಡುತ್ತಿತ್ತು. ಮೈಕಿನ ಮುಂದೆ ಅದನ್ನು ನಿಲ್ಲಿಸಿ, ಅತ್ತೆಯಲ್ಲ, ಕ್ಲಿನಿಕ್ಕಲ್ಲ, ಈ ದಿನ ನನ್ನ ಅಮ್ಮ ಎಂದಳು. ಅಮ್ಮ ನನ್ನನ್ನು ಕಾಪಾಡಲು ಬಂದಿದ್ದರು. ಗಣಿತದ ಟೀಚರ್ ಆದ್ದರಿಂದ, ಅತ್ತೆ ಮನೆಯಲ್ಲಿ ಕಷ್ಟದಲ್ಲಿರುವ ಮಗಳಿಗೆ ಎಷ್ಟು ಬಟ್ಟೆ ಇರಬಹುದು ಎಂದು ಲೆಕ್ಕ ಹಾಕಿ ಇಷ್ಟು ಚಿಕ್ಕ ಸೂಟ್‌ಕೇಸ್ ತಂದಿದ್ದರು. ಅತ್ತೆ ಟೈಲರ್ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದಳು. ಅಲ್ಲಿಗೆ ಸಭೆ ನಕ್ಕು ಬಿದ್ದಿತು. ಅಮ್ಮ ಟಿ.ವಿ. ನೋಡುವುದಿಲ್ಲ, ಪಕ್ಕದ ಮನೆಯ ಗೋಡೆಗೆ ಕುರ್ಚಿ ಒತ್ತಿ ಕೂರುತ್ತಾರೆ ಅಷ್ಟೇ, ಸುದ್ದಿಯ ಹೊತ್ತಿನಲ್ಲಿ ಆ ಕುರ್ಚಿ ಹಿಂದಕ್ಕೆ ಹೋಗುತ್ತದೆ ಎಂದಳು. ನಾನು ನಕ್ಕುಬಿಟ್ಟೆ. ಗುಂಡುಸೂಜಿ ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ. ಆ ಕ್ಯಾಮೆರಾದವನು ಎಂಟು ವಾರ ಕಾದು ಕೊನೆಗೆ ನನ್ನ ಹಲ್ಲು ಕಂಡ.

ಕೊನೆಗೆ ಅವಳು ನಗಿಸುವುದನ್ನು ನಿಲ್ಲಿಸಿ, ಕ್ಯಾಮೆರಾದ ಕಡೆಗೇ ತಿರುಗಿದಳು. ಅದು ನಿಮಗೆ ಕಾಣಿಸಿರಲಿಕ್ಕಿಲ್ಲ, ಗೋಡೆ ಅಡ್ಡ. ಕೇಳಿಸಿರುತ್ತದೆ.

"ಅಮ್ಮಾ, ನಿಮ್ಗೆ ಕಾಣಲ್ಲ, ಅದಕ್ಕೆ ಜೋರಾಗಿ ಹೇಳ್ತೀನಿ. ನಾನಿಲ್ಲಿ ಚೆನ್ನಾಗಿದ್ದೀನಿ. ಸೂಟ್‌ಕೇಸ್ ಸಾಲಲ್ಲ."

ಆಮೇಲೆ ಆದದ್ದನ್ನು ಸದ್ದು ಎನ್ನಲು ಬರುವುದಿಲ್ಲ, ಮುನ್ನೂರು ಜನ ಒಟ್ಟಿಗೆ ಎದ್ದರು. ಗುಂಗುರು ಕೂದಲಿನ ಜಡ್ಜ್ ಕುರ್ಚಿ ಹತ್ತಿದರು. ಒಂಬತ್ತು ಸೀಸನ್‌ನಲ್ಲಿ ಅವರು ಕುರ್ಚಿ ಹತ್ತಿದ್ದು ನಾನು ನೋಡಿದ್ದು ಇದೇ ಮೊದಲು. ಎರಡನೆಯ ಸ್ಥಾನದವರಿಗೂ ನಮಗೂ ಓಟಿನ ಅಂತರ ಎಷ್ಟೆಂದರೆ ಆ ಹುಡುಗನೇ ಬಂದು ಸೂಟ್‌ಕೇಸ್ ಹೊತ್ತುಕೊಟ್ಟ. ಆ ಮಾತು ಬರೆದವರು ಯಾರು ಎಂದು ಬೀದಿಯಲ್ಲಿ ಎಲ್ಲರೂ ಕೇಳುತ್ತಾರೆ. ನಾನು ಕೈಬೆರಳು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ನಗುತ್ತೇನೆ.

ನಿನ್ನೆ ಬೆಳಿಗ್ಗೆ ಅವಳ ಫೋನಿಗೆ ನಿಮ್ಮ ಸಂದೇಶ ಬಂತು: ಸೂಟ್‌ಕೇಸ್ ನನಗೆ ಬೇಕು, ಅಂತ. ಅವಳು ಅದನ್ನು ಓದಿ ನಕ್ಕಳು, ಅತ್ತಳು, ಆಮೇಲೆ ಅದರ ಅರ್ಥವೇನೆಂದು ನನ್ನನ್ನು ಕೇಳಿದಳು. ನಾನು ಆರು ವರ್ಷದ ಧಾರಾವಾಹಿ ಅನುಭವದ ಮೇಲೆ ಅರ್ಥ ಹೇಳಿದೆ. ಕೊರಿಯರ್‌ನಲ್ಲಿ ಕಳಿಸುವುದಿಲ್ಲ. ಬಂದು ತೆಗೆದುಕೊಂಡು ಹೋಗಿ. ಚಕ್ರಕ್ಕೆ ಎಣ್ಣೆ ಹಾಕಿಟ್ಟಿದ್ದೇನೆ. ಎರಡು ದಿನ ಉಳಿಯುವ ಹಾಗೆ ಬನ್ನಿ, ಏಳು ಗಂಟೆಗೆ ನನ್ನ ಪಕ್ಕದ ಕುರ್ಚಿ ನಿಮ್ಮದು, ಗೋಡೆಯ ಈ ಕಡೆಗೆ.

ಇನ್ನು ಯಾರಿಗೆ ಏನು ಸಿಕ್ಕಿತು ಎಂದು ಹೇಳಿ ಮುಗಿಸುತ್ತೇನೆ. ನಿಮ್ಮ ಮಗಳಿಗೆ ಒಂದು ಕಪ್, ಒಳಗೆ ಟೊಳ್ಳು, ಆದರೆ ಎತ್ತರವಿದೆ, ಮುಂದಿನ ಸೀಸನ್‌ನ ನಿರೂಪಣೆ, ನಿಮ್ಮೆದುರು ಬಾಯಿ. ಕ್ಲಿನಿಕ್ಕಿಗೆ, ಕಣ್ಣು ಸರಿಯಿದ್ದೂ ಟೋಕನ್ ತೆಗೆದುಕೊಳ್ಳಲು ಬರುವ ಜನ. ನನ್ನ ಮಗನಿಗೆ, ಅವಳ ಗಂಡ ಎಂಬ ಗುರುತು. ಅದನ್ನು ಅವನು ಹೊಸ ಅಂಗಿಯ ಹಾಗೆ ತೊಟ್ಟುಕೊಂಡು ತಿರುಗುತ್ತಿದ್ದಾನೆ. ಅಂಗಡಿಗೆ, ಹೋದ ಇಬ್ಬರ ಬದಲು ಹತ್ತೊಂಬತ್ತು ಹೊಸ ಗಿರಾಕಿಗಳು, ನನ್ನ ಕೈಲಿ ಬೈಸಿಕೊಳ್ಳಲೆಂದೇ ಬರುವವರು. ನಿಮಗೆ, ಮಗಳು ಚೆನ್ನಾಗಿದ್ದಾಳೆ ಎಂಬ ಖಾತ್ರಿ, ಲಕ್ಷಾಂತರ ಜನರ ಸಾಕ್ಷಿಯೊಂದಿಗೆ.

ದಾರಿ ನೋಡುತ್ತಿರುವ,
ನಿಮ್ಮ ಬೀಗಿತ್ತಿ

ಮರೆತದ್ದು: ನನಗೆ ಸಿಕ್ಕಿದ್ದನ್ನು ಮೇಲೆ ಬರೆಯಲಿಲ್ಲ. ಫೈನಲ್‌ಗೆಂದು ನಾನು ರಾತ್ರಿ ಕೂತು ಹನ್ನೊಂದು ಪುಟ ಬರೆದುಕೊಟ್ಟಿದ್ದೆ, ಗಿರಾಕಿಗಳ ಬಗ್ಗೆ, ಒಳ್ಳೆಯ ಸರಕು. ಚೆನ್ನಾಗಿದೆ ಅತ್ತೆ ಎಂದು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅದರಲ್ಲಿ ಒಂದು ಸಾಲನ್ನೂ ಹೇಳಲಿಲ್ಲ. ಅವಳು ಅಂದದ್ದೆಲ್ಲ ಅವಳದೇ. ಸೂಟ್‌ಕೇಸ್ ಬರುವುದು ನನಗೂ ಗೊತ್ತಿರಲಿಲ್ಲ. ನಿನ್ನೆ ಒಗೆಯಲು ಹಾಕುವಾಗ ಅವಳ ಜೇಬಿನಲ್ಲಿ ಆ ಹಾಳೆಗಳು ಸಿಕ್ಕಿದವು, ಮಡಿಕೆ ಸಹ ಬಿಚ್ಚಿರಲಿಲ್ಲ. ನಾನು ಹೊಲಿದದ್ದನ್ನು ಬೇಡ ಎಂದವರ ಜೊತೆ ಜಗಳವಾಡದೆ ಬಿಟ್ಟದ್ದು ನಲವತ್ತು ವರ್ಷದಲ್ಲಿ ಇದೇ ಮೊದಲು. ಹಾಳೆಗಳನ್ನು ಒಲೆಗೆ ಹಾಕಿ, ಜೇಬನ್ನು ಇಸ್ತ್ರಿ ಮಾಡಿಟ್ಟಿದ್ದೇನೆ. ಅವಳಿಗೆ ಹೇಳಬೇಡಿ.